ಕೊಟ್ಟಿಗೆಯ ಮೇಲೆ ಬೀಳಲಿದ್ದ ಗುಡ್ಡ

ನನ್ನ ಡೈರಿಯಲ್ಲಿ ಸ್ವಂತ ತಂಗಿಯ ಮದುವೆಗೆ ಸಿಕ್ಕಿರುವುದು ನಾಲ್ಕೂವರೆ ಪುಟ. ಒಂದು ಎಮ್ಮೆ ಕೊಟ್ಟಿಗೆಗೆ ಹದಿನೇಳು ಪುಟ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂದೆ ಎಂದಾದರೂ ತಂಗಿ ಎಣಿಸಿ ಕೇಳಿದರೆ, ಮದುವೆ ಎರಡು ದಿನಕ್ಕೆ ಮುಗಿಯಿತು, ಕೊಟ್ಟಿಗೆ ಐದು ತಿಂಗಳು ನಡೆಯಿತು ಎನ್ನುವುದು ನನ್ನ ಉತ್ತರ.

ಡೈರಿ ಬರೆಯುವವರಲ್ಲಿ ಏನಾಯಿತು ಎಂದು ಬರೆಯುವವರು ಹೆಚ್ಚು. ನಾನು ಎಷ್ಟಾಯಿತು ಎಂದು ಬರೆಯುವವಳು. ಈ ವರ್ಷ ಎಷ್ಟು ಸಲ ಕೊಡೆ ಮರೆತು ಬಂದೆ, ಹೈದರಾಬಾದಿನ ಮಾದಾಪುರದ ನಮ್ಮ ಆಫೀಸಿನ ಲಿಫ್ಟು ಎಷ್ಟು ಸಲ ನನ್ನ ಮೂಗಿನೆದುರೇ ಬಾಗಿಲು ಹಾಕಿಕೊಂಡಿತು, ಎಲ್ಲಕ್ಕೂ ಗೀಟುಗಳಿವೆ. ನಾಲ್ಕು ನೇರ ಗೀಟು, ಐದನೆಯದು ಅಡ್ಡ. ತಾರೀಖುಗಳೂ ಇವೆ, ಆದರೆ ಇಲ್ಲಿ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ತಾರೀಖು ಎನ್ನುವುದು ವಯಸ್ಸಿನ ಹಾಗೆ, ಕೇಳಿದವರಿಗೆ ಮಾತ್ರ ಹೇಳಬೇಕು ಎನ್ನುವುದು ಪ್ರಜ್ಞಾಳ ಸಿದ್ಧಾಂತ. ಪ್ರಜ್ಞಾ ಉಡುಪಿಯವಳು, ಲಿಂಗಂಪಲ್ಲಿಯ ಎರಡು ಕೋಣೆಯ ಮನೆಯಲ್ಲಿ ನನ್ನ ಜೊತೆಗಿರುವವಳು. ನಾನು ಅವಳ ಬೈಗುಳಗಳ ಲೆಕ್ಕವನ್ನೂ ಇಟ್ಟಿದ್ದೇನೆ ಎಂಬುದು ಅವಳಿಗೆ ಗೊತ್ತಿಲ್ಲ.

ನನ್ನ ಕೆಲಸ ನಕ್ಷೆಗಳದು. ಆಕಾಶದಿಂದ ತೆಗೆದ ಚಿತ್ರದ ಮೇಲೆ ಯಾರೋ ರಸ್ತೆ, ಕೆರೆ, ಕಟ್ಟಡಗಳ ಗೆರೆ ಎಳೆದಿರುತ್ತಾರೆ. ಅವು ಇರಬೇಕಾದ ಕಡೆಯೇ ಇವೆಯೇ ಎಂದು ನೋಡುವುದು ನನ್ನ ಪಾಲು. ಕೆರೆಗೆ ಇಳಿದ ರಸ್ತೆಯನ್ನು ದಂಡೆಗೆ ಎಳೆಯುತ್ತೇನೆ. ರೈಲು ಹಳಿಯ ಮೇಲೆ ಕೂತ ಶಾಲೆಯನ್ನು ಎತ್ತಿ ಪಕ್ಕಕ್ಕಿಡುತ್ತೇನೆ. ಎರಡು ವಸ್ತುಗಳ ನಡುವೆ ಮೂರು ಮೀಟರ್ ಹೆಚ್ಚುಕಡಿಮೆಯಾದರೂ ನನ್ನನ್ನು ಕರೆದು ಕೇಳುತ್ತಾರೆ. ಒಟ್ಟಿನಲ್ಲಿ, ದೂರವನ್ನು ಸರಿಯಾಗಿ ಇಡುವುದಕ್ಕೆಂದೇ ಸಂಬಳ ಪಡೆಯುವ ಹೆಣ್ಣು ನಾನು. ಇಂಥವಳೇ ಒಂದು ಗುಡ್ಡವನ್ನು ಅದರ ಜಾಗದಿಂದ ಕಿತ್ತು ಒಂದು ಕುಟುಂಬದ ನೆತ್ತಿಯ ಮೇಲೆ ತಂದು ನಿಲ್ಲಿಸಿದ್ದು.

ಇದರ ಬೇರು ಮೈಸೂರಿನ ನಮ್ಮ ಮನೆಯ ಗೋಡೆಯಲ್ಲಿದೆ. ಅಲ್ಲಿ ಅಪ್ಪ ಅಮ್ಮ ಮದುವೆಯಾದ ಹೊಸತರಲ್ಲಿ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಫೋಟೋ ಇದೆ. ಹಿಂದಿನ ಪರದೆಯ ಮೇಲೆ ಹಿಮ ಹೊದ್ದ ಬೆಟ್ಟ, ಅದರ ಬುಡದಲ್ಲಿ ಮರದ ಹಲಗೆಯ ಒಂದು ಕೊಟ್ಟಿಗೆ. ಮುಂದೆ ರೇಷ್ಮೆ ಸೀರೆಯಲ್ಲಿ ಬೆವರುತ್ತಿರುವ ಅಮ್ಮ. ಆ ಕೊಟ್ಟಿಗೆಯಲ್ಲಿ ಯಾರಿದ್ದಾರೆ ಎಂದು ಚಿಕ್ಕಂದಿನಲ್ಲಿ ಅಜ್ಜಿಯನ್ನು ಕೇಳಿದರೆ, "ಫೋಟೋದವನ ಹೆಂಡತಿ ಇದಾಳೆ, ಗಲಾಟೆ ಮಾಡಬೇಡ, ಮಗು ಮಲಗಿದೆ" ಎನ್ನುತ್ತಿದ್ದಳು. ನಾನು ನಂಬಿ ವರ್ಷಗಟ್ಟಲೆ ಆ ಗೋಡೆಯ ಮುಂದೆ ಮೆತ್ತಗೆ ಓಡಾಡಿದ್ದೇನೆ. ಯೋಚಿಸಿದರೆ ನಮ್ಮ ಜನಕ್ಕೆ ಫೋಟೋ ಎಂದರೆ ಹಿಂದೆ ಒಂದು ಬೆಟ್ಟ ಇರಲೇಬೇಕು. ದೇವರ ಪಟದಲ್ಲೂ ಇದೆ, ಕ್ಯಾಲೆಂಡರಿನಲ್ಲೂ ಇದೆ, ಊದುಬತ್ತಿಯ ಡಬ್ಬದ ಮೇಲೂ ಇದೆ. ಆದರೆ ಪರದೆಯ ಬೆಟ್ಟವನ್ನು ನೋಡಿ, ಅದು ಉರುಳಿದರೆ ಮುಂದೆ ನಿಂತ ವಧುವಿನ ಗತಿಯೇನು ಎಂದು ಯಾರೂ ಕೇಳಿದ್ದಿಲ್ಲ. ಬಟ್ಟೆಯ ಬೆಟ್ಟಕ್ಕೆ ಆ ಒಂದು ಸೌಕರ್ಯವಿದೆ.

ನನ್ನ ಕೊಟ್ಟಿಗೆ ಸಿಕ್ಕಿದ್ದು ಒಂದು ಭಾನುವಾರ ಬೆಳಿಗ್ಗೆ. ಲಿಂಗಂಪಲ್ಲಿಯಿಂದ ಸ್ಕೂಟರಿನಲ್ಲಿ ಸುಮ್ಮನೆ ಹೊರಟು, ನಾನೇ ಹಿಂದೊಮ್ಮೆ ಸರಿಯೆಂದು ಒಪ್ಪಿಗೆ ಹಾಕಿದ್ದ ಒಂದು ರಸ್ತೆಯನ್ನು ನಂಬಿ ಹೋದೆ. ಅದು ಒಂದು ಜೋಳದ ಹೊಲದಲ್ಲಿ ಮುಗಿಯಿತು. ಸ್ಕೂಟರ್ ತಿರುಗಿಸಲು ಜಾಗ ಹುಡುಕುತ್ತಾ ತಲೆಯೆತ್ತಿದರೆ ಎದುರಿಗೆ ಅದೇ, ಅಪ್ಪಟ ತೆಲಂಗಾಣದ ರೂಪದಲ್ಲಿ. ಕಪ್ಪು ಕಲ್ಲಿನ ಗೋಡೆ, ಅರ್ಧ ಹಳೆಯ ಹೆಂಚು, ಅರ್ಧ ತುಕ್ಕು ಹಿಡಿದ ತಗಡು, ಮುಂಚಾಚಿದ ಮಾಡಿಗೆ ಆಧಾರವಾಗಿ ಕಂಬದಂತೆ ನೆಟ್ಟ ತಾಳೆಮರದ ಒಂದು ತೊಲೆ. ಎಂಟು ಎಮ್ಮೆಗಳು. ಹಿಂದೆ ದೂರದಲ್ಲಿ ಗುಡ್ಡ. ಹೈದರಾಬಾದಿನ ಸುತ್ತಲಿನ ಗುಡ್ಡಗಳನ್ನು ನೋಡದವರಿಗೆ ಹೇಳಬೇಕು: ಇವು ಮಣ್ಣಿನ ಗುಡ್ಡಗಳಲ್ಲ. ಮನೆಯಷ್ಟು ದೊಡ್ಡ ಗುಂಡುಕಲ್ಲುಗಳು ಒಂದರ ಮೇಲೊಂದು, ಹಬ್ಬದ ದಿನ ಆತುರದಲ್ಲಿ ತಟ್ಟೆಗೆ ಪೇರಿಸಿದ ಉಂಡೆಗಳ ಹಾಗೆ ನಿಂತಿರುತ್ತವೆ. ಈಗ ಬಿತ್ತು, ಇನ್ನೇನು ಬಿತ್ತು ಎನ್ನಿಸುತ್ತದೆ. ಲಕ್ಷಾಂತರ ವರ್ಷದಿಂದ ಹಾಗೆಯೇ ಅನ್ನಿಸುತ್ತಿದೆ.

ಫೋನು ತೆಗೆದು ಫೋಟೋ ಹೊಡೆದೆ. ನೋಡಿದರೆ ಕೊಟ್ಟಿಗೆ ಮಾತ್ರ ಬೆಟ್ಟದಂತೆ ಕೂತಿದೆ, ಬೆಟ್ಟ ಅದರ ಹಿಂದೆ ಒಂದು ಮೊಡವೆ.

ಮುಂದಿನ ಶನಿವಾರ ಕೋಠಿ ಪೇಟೆಗೆ ಹೋದೆ. ಪುಸ್ತಕದ ರಾಶಿ, ಬಟ್ಟೆಯ ರಾಶಿ, ಔಷಧಿ ಅಂಗಡಿಗಳ ಸಾಲು ದಾಟಿದ ಮೇಲೆ ಒಂದು ಗಲ್ಲಿಯಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಮಾಡುವ ಚಾಚಾ ಇದ್ದಾರೆ. ನನ್ನ ಹಳೆಯ ಕ್ಯಾಮೆರಾ ಮುಂದಿಟ್ಟು ಸಂಕಟ ಹೇಳಿಕೊಂಡೆ. ಅವರು ಒಂದು ಉದ್ದನೆಯ ಹಳೆಯ ಲೆನ್ಸನ್ನು ಅಂಗಿಯ ತುದಿಯಲ್ಲಿ ಒರೆಸಿ ನನ್ನ ಮುಂದಿಟ್ಟರು. "ಯೇ ಪಹಾಡ್ ಕು ಖೀಂಚ್‌ಕೇ ಲಾತಾ, ಬೇಟಾ" ಎಂದರು. ಇದು ಗುಡ್ಡವನ್ನೇ ಎಳೆದು ತರುತ್ತದೆ ಎಂದರ್ಥ. ವ್ಯಾಪಾರದ ಉತ್ಪ್ರೇಕ್ಷೆ ಎಂದುಕೊಂಡೆ. ಅದು ಎಚ್ಚರಿಕೆಯಾಗಿತ್ತು.

ಈ ಎಳೆಯುವ ವಿದ್ಯೆಯ ಗುಟ್ಟು ಲೆನ್ಸಿಗಿಂತ ಹೆಚ್ಚಾಗಿ ಕಾಲಿನಲ್ಲಿದೆ. ಕೊಟ್ಟಿಗೆಯಿಂದ ಇಪ್ಪತ್ತು ಹೆಜ್ಜೆ ದೂರ ನಿಂತರೆ ಕೊಟ್ಟಿಗೆ ದೊಡ್ಡದು, ಗುಡ್ಡ ಸಣ್ಣದು. ಹಿಂದೆ ಹಿಂದೆ ನಡೆದು ನಾನೂರು ಹೆಜ್ಜೆ ದೂರ ಹೋದಿರಿ ಎನ್ನಿ. ಆಗ ಕೊಟ್ಟಿಗೆ ಇಪ್ಪತ್ತು ಪಟ್ಟು ಕುಗ್ಗುತ್ತದೆ. ಗುಡ್ಡ ಮೊದಲೇ ದೂರವಿದ್ದದ್ದರಿಂದ ಅದಕ್ಕೆ ನಿಮ್ಮ ನಾನೂರು ಹೆಜ್ಜೆ ಲೆಕ್ಕಕ್ಕೇ ಇಲ್ಲ, ಒಂದೂವರೆ ಪಟ್ಟೂ ಕುಗ್ಗುವುದಿಲ್ಲ. ಈಗ ಅಲ್ಲಿಂದ ಉದ್ದ ಲೆನ್ಸಿನಲ್ಲಿ ಎರಡನ್ನೂ ಹತ್ತಿರಕ್ಕೆ ಎಳೆದರೆ, ಕೊಟ್ಟಿಗೆಯ ಬೆನ್ನಿಗೇ ಗುಡ್ಡ ಎದ್ದು ನಿಂತಿರುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಮಾಡಿದ ಹಿರಿಯರ ಬಳಿ ಈ ಲೆನ್ಸ್ ಇರಲಿಲ್ಲ. ಇದ್ದಿದ್ದರೆ ಗಾದೆ ಬೇರೆಯೇ ಆಗುತ್ತಿತ್ತು. ದೊಡ್ಡದನ್ನು ದೊಡ್ಡದಾಗಿ ನೋಡಬೇಕಾದರೆ ಚಿಕ್ಕದರಿಂದ ದೂರ ಸರಿಯಬೇಕು ಎಂದು ನಾನು ಡೈರಿಯಲ್ಲಿ ಒಂದು ಸ್ವಂತ ಗಾದೆ ಬರೆದು, ಅಡಿಗೆರೆಯನ್ನೂ ಎಳೆದೆ. ಆ ಗೆರೆಯನ್ನು ಈಗ ಅಳಿಸಿದ್ದೇನೆ.

ಹೀಗೆ ನಾನು ಕ್ಯಾಮೆರಾ ಹಿಡಿದು, ಕೊಟ್ಟಿಗೆಯನ್ನೇ ನೋಡುತ್ತಾ, ಹೆಜ್ಜೆ ಎಣಿಸುತ್ತಾ ಹಿಮ್ಮುಖವಾಗಿ ಹೋಗುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಅಕ್ಕಾರ, ಫೋಟೋ ತೆಗಿಯಾಕ ಬಂದು ಹಿಂದಕ ಹೊಂಟೀರಲ್ರಿ? ಎಮ್ಮಿ ಏನರ ಅಂತೇನ್ರಿ?"

ಕನ್ನಡ! ನೂರ ಎಂಬತ್ತಮೂರು ಎಂದು ಎಣಿಸುತ್ತಿದ್ದವಳು ಅಲ್ಲೇ ನಿಂತೆ. ನಾನು ಬಾಯಲ್ಲೇ ಕನ್ನಡದಲ್ಲಿ ಎಣಿಸುತ್ತಿದ್ದದ್ದನ್ನು ಅವನು ಕೇಳಿಸಿಕೊಂಡಿದ್ದ. ಹೆಸರು ಬಸಣ್ಣ, ಚಿತ್ತಾಪುರದ ಕಡೆಯವನು, ನನ್ನದೇ ವಯಸ್ಸು. ಆ ಎಮ್ಮೆಗಳು, ಹೊಲ, ಕೊಟ್ಟಿಗೆ ಎಲ್ಲ ರೆಡ್ಡಿಗಾರು ಎಂದು ಕರೆಸಿಕೊಳ್ಳುವ ಯಜಮಾನರದು. ನೋಡಿಕೊಳ್ಳುವ ಕೆಲಸ ಬಸಣ್ಣನದು. ಕೊಟ್ಟಿಗೆಯ ಒಂದು ಭಾಗಕ್ಕೆ ಗೋಡೆ ಅಡ್ಡ ಹಾಕಿ ಅವನು ಅಲ್ಲೇ ಸಂಸಾರ ಹೂಡಿದ್ದ. ಸಂಸಾರ ಸದ್ಯಕ್ಕೆ ಅರ್ಧವೇ ಇತ್ತು. ಹೆಂಡತಿ ನಿಂಗಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ, ಹೆಣ್ಣು ಕೂಸು ಹಡೆದು, ಐದನೇ ತಿಂಗಳಿಗೆ ವಾಪಸು ಬರಬೇಕಿತ್ತು. ಅದಕ್ಕೆ ಅವಳ ಅಪ್ಪ ಅಡ್ಡ ನಿಂತಿದ್ದ.

"ಕೊಟ್ಟಿಗ್ಯಾಗ ನನ್ನ ಮೊಮ್ಮಗಳನ್ನ ಇಡ್ತೀಯೇನು ಅಂತಾರ್ರಿ ಮಾವ," ಎಂದ ಬಸಣ್ಣ. "ಇದು ಕೊಟ್ಟಿಗಿ ಅಲ್ರಿ, ಮನಿ ಮಾಡೀನಿ. ಬರ್ರಿ ನೋಡ್ರಿ." ಹೋಗಿ ನೋಡಿದೆ. ಒಳಗೆ ಫರಸಿ ಕಲ್ಲು ಹಾಸಿದ್ದ, ಕಿಟಕಿ ಇಟ್ಟಿದ್ದ, ಹೊರಗೋಡೆಗೆ ಒಂದು ಕಡೆ ಸಿಮೆಂಟು ಮೆತ್ತಿ ಹಳದಿ ಬಣ್ಣ ಹೊಡೆದಿದ್ದ. ಬಾಗಿಲೆದುರಿನ ಮಾಡಿನ ಕೊಂಡಿಯಿಂದ ತೊಟ್ಟಿಲಿಗೆಂದು ಹಗ್ಗ ಇಳಿಬಿಟ್ಟಿದ್ದ. ಹಗ್ಗದ ತುದಿಯಲ್ಲಿ ಇನ್ನೂ ಏನೂ ಇರಲಿಲ್ಲ. ಮಾವ ಒಪ್ಪದಿದ್ದರೆ ಇವನೇ ಊರಿಗೆ ಹೋಗಿ ಕಲ್ಲಿನ ಗಣಿಯಲ್ಲಿ ಫರಸಿ ಹೊರಬೇಕು ಎಂದಾಗಿತ್ತು. ಆ ದೂಳಿನಿಂದ ತಪ್ಪಿಸಿಕೊಂಡೇ ಅವನು ಇಲ್ಲಿಗೆ ಬಂದದ್ದು.

ಅವನು ಹೆಮ್ಮೆಯಿಂದ ತೋರಿಸಿದ ಆ ಹಳದಿ ಗೋಡೆ ನನ್ನ ಚಿತ್ರದ ಪರಮ ಶತ್ರುವಾಗಿತ್ತು. ಅದು ಕಾಣಿಸದ ಕೋನವನ್ನು ಹುಡುಕಲು ನನಗೆ ಮೂರು ಭಾನುವಾರ ಹಿಡಿದಿತ್ತು. ನನಗೆ ಬೇಕಿದ್ದದ್ದು ತುಕ್ಕು, ಪಾಚಿ, ಬಿರುಕು. ಎಲ್ಲಕ್ಕಿಂತ ಮಿಗಿಲಾಗಿ ಆ ತಾಳೆಯ ತೊಲೆ. ಅದರ ಮೈಮೇಲೆ ಸಣ್ಣ ಸಣ್ಣ ತೂತುಗಳು, ಮಣ್ಣಿನ ಸಪೂರ ಗೆರೆಗಳು, ಬೆಳಗಿನ ಓರೆ ಬಿಸಿಲಿನಲ್ಲಿ ಬೆಳ್ಳಿಯ ಕುಸುರಿಯಂತೆ ಹೊಳೆಯುತ್ತಿದ್ದವು. ಬರೀ ತೊಲೆಯದೇ ಅರವತ್ತೊಂದು ಫೋಟೋ ತೆಗೆದಿದ್ದೇನೆ. ಹೋದಾಗಲೆಲ್ಲ ಒಂದೇ ಜಾಗದಿಂದ, ಒಂದೇ ಹೊತ್ತಿಗೆ, ತಾರೀಖು ಹಾಕಿ. ಒಂದು ಕಡೆ "ತೊಲೆ: ಅದ್ಭುತ" ಎಂದು ಬರೆದಿದ್ದೇನೆ. ಒಬ್ಬ ಬಡಗಿ ಓದಿದರೆ ನನ್ನ ಕೈಕಾಲು ಕಟ್ಟಿಹಾಕುತ್ತಿದ್ದ.

"ಅಕ್ಕಾರ, ಒಂದು ಚಲೋ ಫೋಟೋ ಕೊಡ್ರಿ," ಎಂದು ಬಸಣ್ಣ ಕೇಳಿದ. "ಮಾವಗ ಕಳಸ್ತೀನಿ. ಮನಿ ಹೆಂಗೈತಿ ಅಂತ ಕಣ್ಣಿಂದ ನೋಡ್ಲಿ."

ಕೊಡುತ್ತೇನೆ, ನನ್ನ ಅತ್ಯುತ್ತಮವಾದದ್ದನ್ನೇ ಕೊಡುತ್ತೇನೆ ಎಂದೆ. ಅಷ್ಟು ಆತ್ಮವಿಶ್ವಾಸದಿಂದ ನಾನು ಯಾವ ಮಾತನ್ನೂ ಹೇಳಿದ್ದಿಲ್ಲ.

ಹನ್ನೊಂದನೇ ಭೇಟಿಯಲ್ಲಿ ಆ ಚಿತ್ರ ಸಿಕ್ಕಿತು. ರಾತ್ರಿ ಮಳೆ ಬಂದು ಕಲ್ಲುಗಳನ್ನು ತೊಳೆದಿತ್ತು. ಎಮ್ಮೆಗಳನ್ನು ಆಚೆ ಹೊಡೆಸಿದೆ, ಬಸಣ್ಣನಿಗೂ ಫೋನು ಮಾಡಿ ಚಿತ್ರದಿಂದ ಆಚೆ ಹೋಗಲು ಹೇಳಿದೆ. ನಾನೂರು ಹೆಜ್ಜೆ ದೂರದ ಬದುವಿನ ಮೇಲೆ ಮಂಡಿಯೂರಿ ಕೂತೆ. ಬಿಸಿಲು ಗುಂಡುಗಳ ಮೇಲೆ ಬಿದ್ದಿತು. ಮುರುಕು ಹೆಂಚಿನ ಮಾಡು, ಅದರ ನೆತ್ತಿಯ ಮೇಲೇ ಕೆಂಡದ ಬಣ್ಣದ ಮಹಾಕಾಯ ಬಂಡೆಗಳು. ಪ್ರಜ್ಞಾ ನೋಡಿ, "ಮಾರಾಯ್ತಿ, ಇದೆಂತ ಇದು! ನಮ್ಮ ಲಿಂಗಂಪಲ್ಲಿ ಹತ್ರವೇ ಉಂಟಾ?" ಎಂದಳು. ಅವಳಿಂದ ನನಗೆ ಬಂದ ಒಟ್ಟು ಹೊಗಳಿಕೆ ಮೂರು, ಇದು ಮೂರನೆಯದು. ಒಂದು ಚುಕ್ಕಿಯೂ ಮಸುಕಾಗಬಾರದೆಂದು ಚಿತ್ರವನ್ನು ಪೂರ್ತಿ ಗಾತ್ರದಲ್ಲೇ ಬಸಣ್ಣನಿಗೆ ಕಳಿಸಿದೆ. ಅವನು ಮಾವನ ಮನೆಗೆ ಕಳಿಸಿದ.

ಬುಧವಾರ ಆಫೀಸಿನಲ್ಲಿದ್ದಾಗ ಬಸಣ್ಣನ ಫೋನು ಬಂತು. "ಕೇಳ್ರಿ" ಎಂದು ಮಾವ ಕಳಿಸಿದ ದನಿಯ ಸಂದೇಶವನ್ನು ನನಗೆ ದಾಟಿಸಿದ. ಮಾವನ ಹೆಸರು ಸಿದ್ದಪ್ಪ. ನಲವತ್ತು ವರ್ಷ ಫರಸಿ ಗಣಿಯಲ್ಲಿ ಕಲ್ಲು ಒಡೆದವರು. ಕಲ್ಲು ಜಾರಿದಾಗ ಏನಾಗುತ್ತದೆ ಎಂಬುದಕ್ಕೆ ಅವರ ಎಡಗೈಯಲ್ಲಿ ಎರಡು ಬೆರಳು ಕಡಿಮೆ ಇವೆ. ಅವರ ದನಿಯೂ ಕಲ್ಲಿನ ಮೇಲೆ ಕಲ್ಲು ಎಳೆದಂತೆ ಇತ್ತು.

"ಅಳಿಯಂದ್ರ, ನಿಮ್ಮ ತೆಲಿ ನೆಟ್ಟಗೈತೇನು? ಕೊಟ್ಟಿಗಿ ಅಂತ ನಾ ಸುಮ್ಮ ಒಂದು ಮಾತು ಅಂದಿದ್ನಿ. ನೀವು ನೋಡಿದ್ರ ಗುಂಡಿನ ಬುಡಕ ಮನಿ ಮಾಡೀರಿ! ಆ ಮ್ಯಾಲಿನ ಕಲ್ಲು ನೋಡ್ರಿ, ಮಾಡಿಗೆ ಮೂರು ಮಾರು ಇಲ್ಲ. ಮಳಿ ಬಂತಂದ್ರ ಎಮ್ಮಿ ಸುದ್ದಾ ಚಟ್ನಿ ಆಗ್ತಾವ. ನನ್ನ ಮಗಳನ್ನ ಕಳಸಂಗಿಲ್ಲ. ಮುಗೀತು."

ಫೋನು ಕಿವಿಯಲ್ಲಿ, ಕಣ್ಣೆದುರು ಪರದೆಯ ಮೇಲೆ ಯಾವುದೋ ಊರಿನ ನಕ್ಷೆ. ಅದರಲ್ಲಿ ಮೂರು ಮೀಟರ್ ಆಚೆ ಕೂತಿದ್ದ ಒಂದು ಬಸ್ ನಿಲ್ದಾಣವನ್ನು ನಾನು ಆಗಷ್ಟೇ ಬೈದುಕೊಂಡು ಸರಿಪಡಿಸಿದ್ದೆ.

ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಅಂದು ಸಂಜೆಯೇ ಆಕಾಶಚಿತ್ರ ತೆರೆದು ಅಳೆದೆ. ಕೊಟ್ಟಿಗೆಯ ಹಿಂಗೋಡೆಯಿಂದ ಮೊದಲ ಗುಂಡಿಗೆ ಆರುನೂರ ನಲವತ್ತು ಮೀಟರ್. ನಕ್ಷೆ ಮಾಡಿ, ಕೆಂಪು ಗೆರೆ ಎಳೆದು, ಅಂಕಿ ಬರೆದು ಕಳಿಸಿದೆ. ಸಿದ್ದಪ್ಪನವರ ಉತ್ತರ: "ಫೋಟೋ ತಗದೋರೂ ಅವರ, ಮ್ಯಾಪ್ ಬರದೋರೂ ಅವರ. ಕಳ್ಳನ ಕಡೇನ ಸಾಕ್ಷಿ ಕೇಳಿದಂಗಾತು." ಭಾನುವಾರ ಹೋಗಿ ಫೋನಿನಲ್ಲಿ ಇನ್ನೊಂದು ಚಿತ್ರ ತೆಗೆದು ಕಳಿಸಿದೆ. ಇದರಲ್ಲಿ ಗುಡ್ಡ ಅದೇ ಹಳೆಯ ಮೊಡವೆ, ಹಳದಿ ಗೋಡೆ ಧಾರಾಳವಾಗಿ ಕಾಣುತ್ತಿತ್ತು. ಉತ್ತರ ಬಂತು: "ಮೊದಲಿಂದ್ರಾಗ ಗುಡ್ಡ ದೊಡ್ಡದಿತ್ತು, ಇದ್ರಾಗ ಸಣ್ಣದೈತಿ. ವಾರದಾಗ ಗುಡ್ಡ ಹೆಂಗ ಸೊರಗಿತ್ರಿ, ಜ್ವರಾ ಬಂದಿತ್ತೇನು?"

ಪ್ರಜ್ಞಾ ನಕ್ಕು ನಕ್ಕು ಮಂಚದಿಂದ ಬಿದ್ದಳು. "ಪಾಪದವರ ಸಂಸಾರ ಹಾಳು ಮಾಡಿ ಇಟ್ಟೆಯಲ್ಲ ಮಾರಾಯ್ತಿ, ಒಂದು ಲೆನ್ಸಿನಲ್ಲಿ," ಎಂದಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ ಚಹಾ ಮಾಡಿ ಕೊಟ್ಟಳು.

ಸುಳ್ಳು ಹೇಳಿದವರಿಗೆ ಒಂದು ದಾರಿ ಇರುತ್ತದೆ, ಬಾಯಿಬಿಟ್ಟರೆ ಮುಗಿಯಿತು. ನಾನು ಸುಳ್ಳು ಹೇಳಿರಲಿಲ್ಲ. ಆ ಬದುವಿನ ಮೇಲೆ, ಆ ಲೆನ್ಸಿನ ಹಿಂದೆ ಕೂತರೆ ಸಿದ್ದಪ್ಪನವರಿಗೂ ಅದೇ ಕಾಣುತ್ತಿತ್ತು. ನಿಜವಾದ ಎರಡು ಫೋಟೋಗಳು ಒಂದರ ಮುಖಕ್ಕೆ ಇನ್ನೊಂದು ಮಸಿ ಬಳಿದಿದ್ದವು. ಹಳೆಯ ಕಾಲದ ಚಿತ್ರಕಾರರು ಮನೆ, ಮರ, ಬೆಟ್ಟ, ಆನೆ ಎಲ್ಲವನ್ನೂ ಒಂದೇ ಸಮತಲದಲ್ಲಿ ಬರೆಯುತ್ತಿದ್ದರು. ಆನೆಯ ಕಿವಿಯ ಪಕ್ಕ ಶಿಖರವಿದ್ದರೂ ನೋಡುವವರು ಬೆದರುತ್ತಿರಲಿಲ್ಲ. ಕೈಯಲ್ಲಿ ಬರೆದದ್ದಕ್ಕೆ ಕೈಯ ಇಷ್ಟ ಎಂದು ಎಲ್ಲರಿಗೂ ಗೊತ್ತಿತ್ತು. ಫೋಟೋಗೆ ಮಾತ್ರ ನಾವು ಸಾಕ್ಷಿಯ ಪಟ್ಟ ಕಟ್ಟಿದ್ದೇವೆ.

ಎರಡು ವಾರ ಏನೂ ಆಗಲಿಲ್ಲ. ಬಸಣ್ಣ ನನ್ನ ಮೇಲೆ ಸಿಟ್ಟಾಗಲಿಲ್ಲ, ಅದೇ ಕಷ್ಟವಾಗಿತ್ತು. ಹೋದಾಗಲೆಲ್ಲ "ನಿಮ್ಮದೇನ್ ತಪ್ಪೈತ್ರಿ, ಫೋಟೋ ಚಂದ ಐತಿ" ಎನ್ನುತ್ತಿದ್ದ, ಆ ಖಾಲಿ ಹಗ್ಗವನ್ನು ಸುತ್ತಿ ಕೊಂಡಿಗೆ ಸಿಕ್ಕಿಸುತ್ತಿದ್ದ. ಕ್ಯಾಮೆರಾವನ್ನು ಚೀಲದಿಂದ ತೆಗೆಯದೆ ನಾನು ವಾಪಸು ಬಂದ ಭೇಟಿಗಳು ಎರಡು. ಮೂರನೇ ಶನಿವಾರ ಅವನು ಫೋನು ಮಾಡಿ, "ಮಾವ ನಾಳಿ ಬೆಳಿಗ್ಗಿ ರೈಲಿಗೆ ಬರಾಕತ್ತಾರ್ರಿ. ಫೋಟೋದ ಅಕ್ಕನ್ನೂ ಕರಿ ಅಂದಾರ" ಎಂದ.

ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ನಾವಿಬ್ಬರೂ ಆರೋಪಿಗಳ ಹಾಗೆ ನಿಂತಿದ್ದೆವು. ಸಿದ್ದಪ್ಪ ಇಳಿದರು. ಎತ್ತರದ ಆಳು, ಹೆಗಲ ಮೇಲೆ ಟವೆಲು, ಕೈಯಲ್ಲಿ ರೊಟ್ಟಿಯ ಗಂಟು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇಷ್ಟ ಅದೀಯೇನವ್ವ ನೀನು? ಅಷ್ಟು ದೊಡ್ಡ ಗುಡ್ಡ ಎತ್ತಿದಾಕಿ?" ಎಂದರು. ಕೊಟ್ಟಿಗೆ ತಲುಪಿದ ಮೇಲೆ ಬಸಣ್ಣ ನೀರು ತಂದರೆ ಮುಟ್ಟಲಿಲ್ಲ. ಮನೆಯೊಳಗೂ ಕಾಲಿಡಲಿಲ್ಲ. ಮೊದಲು ಕಲ್ಲು, ಆಮೇಲೆ ನೀರು ಎಂದವರೇ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತು ಗುಡ್ಡದ ಕಡೆ ನಡೆಯತೊಡಗಿದರು.

ನಾನು ಹಿಂದೆಯೇ ಹೋದೆ. ಅವರು ಹೆಜ್ಜೆ ಎಣಿಸುತ್ತಿದ್ದರು! ನೂರಕ್ಕೊಮ್ಮೆ ಬಗ್ಗಿ ಒಂದು ಹರಳು ಆಯ್ದು ಜೇಬಿಗೆ ಹಾಕುತ್ತಿದ್ದರು. ನನ್ನ ಗೀಟುಗಳಿಗಿಂತ ಒಳ್ಳೆಯ ಪದ್ಧತಿ, ಅಳಿಸಿಹೋಗುವ ಭಯವಿಲ್ಲ. ಜೇಬಿನಲ್ಲಿ ಎಂಟು ಹರಳಾದ ಮೇಲೆ ಇನ್ನೂ ಹತ್ತು ಹೆಜ್ಜೆಗೆ ಮೊದಲ ಗುಂಡು ಸಿಕ್ಕಿತು. ನನ್ನ ಲೆಕ್ಕದಲ್ಲಿ ಎಂಟುನೂರ ಅರವತ್ತು. ಅವರ ಕಾಲು ಉದ್ದ. ಗುಂಡಿನ ಬುಡದಲ್ಲಿ ಕೂತು ಮಣ್ಣು ಕೆರೆದು ನೋಡಿದರು. ಸಣ್ಣ ಕಲ್ಲಿನಿಂದ ಕುಟ್ಟಿ ಕಿವಿಗೊಟ್ಟರು. ಮಳೆನೀರು ಹರಿದ ಜಾಡನ್ನು ಹಿಡಿದು ಒಂದಿಷ್ಟು ದೂರ ಹೋಗಿ ಬಂದರು. ನೀರು ಆಚೆ ಇಳಿಜಾರಿಗೆ ಹೋಗುತ್ತಿತ್ತು, ಕೊಟ್ಟಿಗೆಯ ಕಡೆಗಲ್ಲ.

"ಇದು ಬೀಳಂಗಿಲ್ಲ," ಎಂದರು. "ಬಿದ್ರೂ ಆ ಕಡಿ ಬೀಳ್ತೈತಿ." ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ, "ಆದ್ರ ನಿನ್ನ ಫೋಟೋ ಸುಳ್ಳು ಹೇಳಿಲ್ಲ ಬಿಡವ್ವ, ಅದ್ರಾಗ ಮತ್ತೊಂದು ನೋಡೀನಿ" ಎಂದು ಎದ್ದು ಹೊರಟರು.

ಕೊಟ್ಟಿಗೆಯ ಮುಂದೆ ಬಂದು ತಾಳೆಯ ತೊಲೆಗೆ ಗೆಣ್ಣಿನಿಂದ ಬಡಿದರು. ಮರದ ಸದ್ದು ಬರಲಿಲ್ಲ, ಖಾಲಿ ಡಬ್ಬದ ಸದ್ದು ಬಂತು. ಇನ್ನೊಮ್ಮೆ ಬಡಿದರು. ಹಿಟ್ಟಿನಂಥ ಪುಡಿ ಸುರಿದು ನನ್ನ ಕೂದಲ ಮೇಲೆ, ಕ್ಯಾಮೆರಾದ ಮೇಲೆ ಕೂತಿತು. ನನ್ನ ಬೆಳ್ಳಿಯ ಕುಸುರಿ ಗೆದ್ದಲಿನ ಕೆಲಸವಾಗಿತ್ತು.

"ಗುಡ್ಡ ನೋಡಿ ಅಂಜಿದ್ನಿ. ಬೀಳೂದು ಇದು. ಇದು ಹೊತ್ತ ಮಾಡಿಗೆ ತೊಟ್ಟಿಲದ ಹಗ್ಗಾ ಕಟ್ಟೀರಲ್ಲೋ!"

ಬಸಣ್ಣನ ಮುಖ ಸುಣ್ಣವಾಯಿತು. ತೊಲೆಯ ಬಗ್ಗೆ ಯಜಮಾನರಿಗೆ ಎರಡು ಸಲ ಹೇಳಿದ್ದನಂತೆ. "ಇನ್ನೂ ಹತ್ತು ವರ್ಷ ಬರುತ್ತೆ" ಎಂದು ಅವರು ತಳ್ಳಿಹಾಕಿದ್ದರು. ಆಗ ನನ್ನ ಬುದ್ಧಿ ತಡವಾಗಿ ಕೆಲಸ ಮಾಡಿತು. ಅರವತ್ತೊಂದು ಫೋಟೋ! ಒಂದೇ ಜಾಗದಿಂದ, ನಾಲ್ಕು ತಿಂಗಳು, ತಾರೀಖು ಸಮೇತ. ಅಲ್ಲೇ ಕೂತು ಸಾಲಾಗಿ ತೋರಿಸಿದೆ. ಮೊದಲ ವಾರ ಮಣ್ಣಿನ ಗೆರೆ ಮೊಣಕಾಲಿನ ಎತ್ತರಕ್ಕಿತ್ತು. ಕೊನೆಯ ವಾರ ಮಾಡಿಗೆ ಮುಟ್ಟಿತ್ತು. ಸಿದ್ದಪ್ಪ ಒಂದೊಂದನ್ನೂ ನೋಡಿ, "ಇದು ಯಾವಾಗಿಂದು? ಮತ್ತ ಇದು?" ಎಂದು ಕೇಳಿದರು. ನನ್ನ ಬದುಕಿನಲ್ಲಿ ಯಾರಾದರೂ ನನ್ನ ತಾರೀಖುಗಳನ್ನು ತಾವಾಗಿ ಕೇಳಿದ್ದು ಅದೇ ಮೊದಲು. ಮೂವರೂ ಕೂಡಿ ರೆಡ್ಡಿಗಾರ ಮನೆಗೆ ಹೋದೆವು. ಅವರು ಕನ್ನಡಕ ಏರಿಸಿ ಎಲ್ಲ ಚಿತ್ರಗಳನ್ನು ಬೆರಳಿನಿಂದ ಸರಿಸಿ ಸರಿಸಿ ನೋಡಿ, "ಅಬ್ಬೋ, ಇಂತ ತಿನೇಸಿಂದಾ!" ಎಂದರು. ಇಷ್ಟೊಂದು ತಿಂದುಬಿಟ್ಟಿದೆಯೇ ಎಂದು ಗಾಬರಿ. ಮರುವಾರವೇ ತೊಲೆ ಇಳಿಯಿತು, ಕಬ್ಬಿಣದ ಕಂಬ ಏರಿತು. ಹೆಂಚು ಹೋಗಿ ಹೊಸ ನೀಲಿ ತಗಡು ಬಂತು. ನನ್ನ ಚಿತ್ರದ ಸೌಂದರ್ಯವೆಲ್ಲ ಒಂದು ಟ್ರಾಕ್ಟರಿನಲ್ಲಿ ಹೊರಟುಹೋಯಿತು. ಅದನ್ನು ತುಂಬಿಸಲು ನಾನೇ ಕೈಹಾಕಿದೆ: ಹೆಂಚುಗಳು, ಒಡೆದವು ಸೇರಿ, ಇನ್ನೂರ ಏಳು.

ಸಿದ್ದಪ್ಪ ಅಂದು ರೈಲಿಗೆ ಹೊರಡುವ ಮುಂಚೆ ಹೊಸಿಲು ದಾಟಿ ಒಳಗೆ ಹೋದರು. ಫರಸಿಯ ಸಂದುಗಳನ್ನು ಕಾಲಿನಿಂದ ಒತ್ತಿ ನೋಡಿ, "ಹಾಸೂದು ಬರತೈತಿ ಮಗನಿಗೆ" ಎಂದರು. ಆಮೇಲೆ ನೀರು ಕುಡಿದರು. ಎರಡು ಚೊಂಬು.

ತೊಲೆ ಬದಲಾದ ಹತ್ತನೇ ದಿನ ನಿಂಗಮ್ಮ ಬಂದಳು. ನಾನು ಮರುದಿನ ಹೋದಾಗ ತೊಟ್ಟಿಲು ಕಬ್ಬಿಣದ ಅಡ್ಡಪಟ್ಟಿಗೆ ಜೋತು ತೂಗುತ್ತಿತ್ತು, ಅದರೊಳಗೆ ಕೂಸು ತನ್ನ ಕಾಲಿನ ಹೆಬ್ಬೆರಳನ್ನು ತಿನ್ನುವ ಪ್ರಯತ್ನದಲ್ಲಿತ್ತು. ನಿಂಗಮ್ಮ ರೊಟ್ಟಿ ಬಡಿಯುತ್ತಾ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ನನ್ನ ಲೆನ್ಸಿನಿಂದಾಗಿ ಅವಳು ಬರುವುದು ತಿಂಗಳು ತಡವಾಯಿತಲ್ಲ, ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿಕೊಂಡು ಹೋಗಿದ್ದೆ.

"ತಡಾ ಎಲ್ಲಿ ಆತ್ರಿ, ಲಗೂನ ಆತು," ಎಂದಳು ಅವಳು. "ಆ ಫೋಟೋ ಬಂದಿದ್ದಕ್ಕನ ನಾ ಹಟಾ ಹಿಡಿದದ್ದು." ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿ ಫೋನು ತೆಗೆದು ನನ್ನ ಅತ್ಯುತ್ತಮ ಚಿತ್ರವನ್ನು ತೆರೆದಳು. ಎರಡು ಬೆರಳಿನಿಂದ ಹಿಗ್ಗಿಸಿದಳು. ಗುಡ್ಡ ಆಚೆ ಹೋಯಿತು, ಮಾಡು ಆಚೆ ಹೋಯಿತು. ಬಾಗಿಲಿನ ಕತ್ತಲೆಯಲ್ಲಿ, ನಾನು ಆಚೆ ಹೋಗು ಎಂದಿದ್ದಕ್ಕೆ ಒಳಗೆ ಸರಿದು, ಬನಿಯನ್ನಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಬಸಣ್ಣ ಕಂಡ. ಪಕ್ಕೆಲುಬು ಎಣಿಸಬಹುದಿತ್ತು.

"ಫೋನ್ ಮಾಡಿದಾಗ ಬರೇ ಮುಖ ತೋರಸ್ತಿದ್ರು. ಚಲೋ ಉಣ್ಣಾಕತ್ತೀನಿ ಅಂತಿದ್ರು. ಸುಳ್ಳ! ಇಲ್ಲಿ ನೋಡ್ರಿ, ಹೊಟ್ಟಿ ಬೆನ್ನಿಗಿ ಹತ್ತೈತಿ. ಅಪ್ಪ ಕಲ್ಲು ನೋಡಿ ಕಳಸಂಗಿಲ್ಲ ಅಂದ. ನಾ ಇವರನ್ನ ನೋಡಿ, ನೀನ ಹೋಗಿ ಕಲ್ಲು ಅಳದು ಬಾ, ಇಲ್ಲಾಂದ್ರ ನಾನ ಕೂಸಿನ್ನ ಹೊತ್ಕೊಂಡು ರೈಲು ಹತ್ತತೀನಿ ಅಂದ್ನಿ."

ಬಾಗಿಲಲ್ಲಿ ನಿಂತಿದ್ದ ಬಸಣ್ಣ, "ಅದು ನೆಳ್ಳಿಗಿ ಹಂಗ ಕಾಣ್ತೈತಿ" ಎಂದು ಗೊಣಗಿದ. ಒಂದು ರೊಟ್ಟಿ ಅವನ ತಟ್ಟೆಗೆ ಜೋರಾಗಿ ಬಿತ್ತು.

ಎಮ್ಮೆ ಎಷ್ಟು ಸಲ ಕತ್ತು ತಿರುಗಿಸಿತು ಎಂದು ಬರೆದಿಟ್ಟವಳು ನಾನು. ಚಿತ್ರದ ನಟ್ಟನಡುವೆ ಕೂತ ಮನುಷ್ಯನನ್ನು ನಾನು ನೋಡಿರಲಿಲ್ಲ. ಬೇಜಾರೇನೂ ಆಗಲಿಲ್ಲ, ನಿಜ ಹೇಳಬೇಕೆಂದರೆ ಒಂದು ಬಗೆಯ ಹೆಮ್ಮೆಯೇ ಆಯಿತು. ಒಂದು ಫೋಟೋದಲ್ಲಿ ನನಗೆ ಬೆಳಕು, ಗಣಿಯವರಿಗೆ ಕಲ್ಲು, ಹೆಂಡತಿಗೆ ಗಂಡ. ಅಷ್ಟೆಲ್ಲ ಹಿಡಿಸಿದ್ದರೆ ಅದು ಒಳ್ಳೆಯ ಫೋಟೋವೇ ಇರಬೇಕು. ತೆಗೆದವಳಿಗಿಂತ ಸ್ವಲ್ಪ ಹೆಚ್ಚು ಒಳ್ಳೆಯದು.

ಊಟವಾಗಿ ಹೊರಡುವಾಗ ನಿಂಗಮ್ಮ ಕೂಸನ್ನು ನನ್ನ ಕೈಗೆ ಹಾಕಿ, ಅಂಗಳದಲ್ಲಿ ನಿಲ್ಲಿಸಿ ತನ್ನ ಫೋನಿನಲ್ಲಿ ಫೋಟೋ ತೆಗೆಯಲು ನಿಂತಳು. ಹಿಂದೆ ಹೋಗಲಿಲ್ಲ. ಮುಂದೆ ಮುಂದೆ ಬಂದಳು, ನನ್ನ ಮೂಗಿಗೆ ಫೋನು ತಾಗುವಷ್ಟು. ತೆಗೆದು ತೋರಿಸಿದಳು. ನನ್ನ ಮುಖ ಮುಕ್ಕಾಲು, ಕೂಸಿನ ತಲೆ ಅರ್ಧ, ಹಿಂದೆ ಹಳದಿ ಗೋಡೆ.

"ಒಂದೆರಡು ಹೆಜ್ಜೆ ಹಿಂದಕ್ಕೆ ಹೋಗು ನಿಂಗಮ್ಮ, ಗುಡ್ಡವೂ ಬರುತ್ತೆ" ಎಂದು ನಾನು ಅಭ್ಯಾಸಬಲದಿಂದ ಹೇಳಿದೆ.

"ಗುಡ್ಡ ಎಲ್ಲಿಗಿ ಹೋಗ್ತೈತ್ರಿ ಅಕ್ಕಾರ," ಎಂದಳು ಅವಳು, ಇನ್ನೂ ಒಂದು ಹೆಜ್ಜೆ ಮುಂದೆ ಬಂದು. "ಹೋಗೋರು ನೀವು. ಸ್ವಲ್ಪ ನಗ್ರಿ."